ದಾನದ ಭಂಗಿ

ಬ್ಲೇಡಿನ ಮೂಲೆಯಿಂದ ಒಂದೊಂದೇ ಎಳೆಯನ್ನು ಎತ್ತಿ ಸುಗಂಧಿ ರಫು ಬಿಚ್ಚುತ್ತಿದ್ದಳು. ಭುಜದ ಮೇಲಿನದು ಮುಗಿದು ಮೊಣಕೈಯದು ಅರ್ಧಕ್ಕೆ ಬಂದಿತ್ತು. ಹರಿದ ಅಂಚನ್ನು ಒಳಕ್ಕೆ ಮಡಚಿ, ಬಟ್ಟೆಯ ಬಣ್ಣಕ್ಕೇ ಹೊಂದುವ ದಾರ ಹುಡುಕಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೆಣೆದ ಕೆಲಸ. ಅಲ್ಲೊಂದು ತೂತಿತ್ತೆಂದು ಕಣ್ಣಿಗೆ ಕಾಣುವಂತಿರಲಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. ಅಷ್ಟು ಚಂದದ ಕೆಲಸವನ್ನು ಕೆಡಿಸಿ ಅವಳೀಗ ತೂತನ್ನು ವಾಪಸು ತರಬೇಕಾಗಿತ್ತು.

ಆ ತೂತುಗಳನ್ನು ಮೊದಲು ಮಾಡಿದವಳೂ ಅವಳೇ. ಲಂಡನ್ನಿನ ಟೂಟಿಂಗ್ ಮಾರ್ಕೆಟ್ಟಿನಲ್ಲಿ ಹೊಸ ಕಾಟನ್ ಬಟ್ಟೆ ಕೊಂಡು ಅಂಗಿ ಹೊಲಿದು, ಬಾತ್‌ಟಬ್ಬಿನಲ್ಲಿ ಚಹಾದ ನೀರು ತುಂಬಿಸಿ ಅದರಲ್ಲಿ ನೆನೆಹಾಕಿ, ಒಣಗಿದ ಮೇಲೆ ಕ್ಯಾರೆಟ್ ತುರಿಯುವ ಮಣೆಗೆ ಉಜ್ಜಿದ್ದಳು. ಹೊಸ ಬಟ್ಟೆ ಬಡವಾಗಲು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕೊನೆಗೆ ಅವಳ ಸಂಘದ ಅಧ್ಯಕ್ಷೆ ಕಲ್ಯಾಣಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದ ಜಾಗಗಳಲ್ಲಿ ಕತ್ತರಿಯನ್ನೇ ಆಡಿಸಬೇಕಾಯಿತು. ಆಮೇಲೆ, ನಿನ್ನ ಮಗಳಿಗೆ ಅಳತೆ ಸರಿಯಿದೆಯೋ ನೋಡು ಎಂದು ಅಂಗಿಯನ್ನು ಕೃಷ್ಣವೇಣಿಗೆ ಕಳಿಸಿಕೊಟ್ಟಿದ್ದಳು.

ಕೃಷ್ಣವೇಣಿ, ಸುಗಂಧಿಯ ಗಂಡನ ರೆಸ್ಟೋರೆಂಟಿನ ಅಡುಗೆಯವನಾದ ಮಲ್ಲಪ್ಪನ ಹೆಂಡತಿ. ಗದಗದ ಕಡೆಯವರು. ರೆಸ್ಟೋರೆಂಟಿನ ಮೇಲಿನ ಎರಡು ಕೋಣೆಗಳಲ್ಲಿ ಗಂಡ ಹೆಂಡತಿ ಮತ್ತು ಮಗಳು ಇದ್ದರು. ಅಂಗಿ ಮಾರನೆಯ ದಿನವೇ ತಿರುಗಿ ಬಂತು: ಒಗೆದು, ಇಸ್ತ್ರಿ ಹಾಕಿ, ಎಲ್ಲ ತೂತುಗಳನ್ನೂ ರಫು ಮಾಡಿ, ಕ್ಯಾರಿಯರ್ ಬ್ಯಾಗಿನಲ್ಲಿ ಮಡಚಿಟ್ಟು. ಜೊತೆಗೆ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ.

"ಅಳತಿ ಬರೊಬ್ಬರಿ ಐತ್ರಿ ಅಕ್ಕಾರ. ಅಲ್ಲಲ್ಲೆ ಹರದಿತ್ತು, ಹೊಲದೀನಿ," ಎಂದಿದ್ದಳು ಕೃಷ್ಣವೇಣಿ. ಚಹಾದ ಕಲೆಯೂ ಮುಕ್ಕಾಲು ಹೋಗಿತ್ತು. ಅದಕ್ಕಾಗಿ ಎಷ್ಟು ತಿಕ್ಕಿದ್ದಳೋ.

ಸುಗಂಧಿ ಒಳ್ಳೆಯದಾಯಿತು ಎಂದು ಹೇಳಿ ಚೀಲ ತೆಗೆದುಕೊಂಡಿದ್ದಳು. ನಮಗೆ ಬೇಕಾಗಿರುವುದು ಅಂಗಿಯಲ್ಲ ಅದರ ತೂತು ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೆ ಮರ್ಯಾದೆಯಾಗಿ ಕೇಳಿಸುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಒಂದು ಚಿತ್ರದ ಕಲರ್ ಜೆರಾಕ್ಸ್ ಅಂಟಿಸಿತ್ತು. ಕಲ್ಯಾಣಿ ಕೊಟ್ಟದ್ದು. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಯಾರೋ ಬರೆದದ್ದು, ಬರೆದವನ ಹೆಸರು ಗೊತ್ತಿಲ್ಲ. ದೊಡ್ಡ ಮನೆಯ ಮೆಟ್ಟಿಲ ಮೇಲೆ ಮುತ್ತಿನ ಸರ ಹಾಕಿಕೊಂಡ ಹೆಂಗಸೊಬ್ಬಳು ನಿಂತು ಕೆಳಗಿರುವ ನಾಲ್ಕು ಬಡ ಮಕ್ಕಳಿಗೆ ರೊಟ್ಟಿ ಕೊಡುತ್ತಿದ್ದಾಳೆ. ಮೇಲೆ ಮೋಡದೊಳಗಿಂದ ಒಬ್ಬ ದೇವದೂತ ಇಣುಕಿ ನೋಡಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಾನೆ. ಎಲ್ಲಿಂದ ಬರುತ್ತದೋ ತಿಳಿಯದ ಬೆಳಕು ನೇರವಾಗಿ ಆ ಹೆಂಗಸಿನ ಕೈಮೇಲೆ ಬಿದ್ದಿದೆ. ರೊಟ್ಟಿಯ ಮೇಲೆ ಅಷ್ಟಿಲ್ಲ.

ಕಲ್ಯಾಣಿ ಒಂದು ಗ್ಯಾಲರಿಯಲ್ಲಿ ಸಂಬಳವಿಲ್ಲದ ಗೈಡ್. ಗಂಡ ಬ್ಯಾಂಕೊಂದರ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದವನು, ಒಳ್ಳೆಯ ಸಂಬಳ. ಹಾಗಾಗಿ ಅವಳಿಗೆ ಕಲೆಗೂ ಬಡವರಿಗೂ ಸಮಯವಿತ್ತು. ಅಕ್ಷಯ ಸಮಿತಿ ಎಂದು ಒಂದಷ್ಟು ಕನ್ನಡದ ಹೆಂಗಸರು ಸೇರಿ ಕಟ್ಟಿಕೊಂಡ ಸಂಘಕ್ಕೆ ಅವಳೇ ಅಧ್ಯಕ್ಷೆ. ಪ್ರತಿ ದೀಪಾವಳಿಗೆ ಅಕ್ಸ್‌ಬ್ರಿಡ್ಜಿನಲ್ಲಿ ಹಾಲ್ ಹಿಡಿದು, ಟಿಕೆಟ್ ಮಾರಿ, ಊಟ ಹಾಕಿ, ಬಂದ ಹಣವನ್ನು ಊರಿನ ಯಾವುದಾದರೂ ಶಾಲೆಗೆ ಕಳಿಸುವುದು ವಾಡಿಕೆ. ಊಟ ಸುಗಂಧಿಯ ಗಂಡ ಗಣಪಯ್ಯನ ರೆಸ್ಟೋರೆಂಟಿನದು. ಸುಗಂಧಿ ಸಮಿತಿಯಲ್ಲಿದ್ದದ್ದೂ ಆ ಕಾರಣಕ್ಕೇ ಎಂದು ಅವಳಿಗೂ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಎರಡು ಸಾವಿರದ ಎರಡರಲ್ಲಿ ಹಣ ಹೋಗಬೇಕಾಗಿದ್ದದ್ದು ಒಂದು ಶಾಲೆಯ ಊಟದ ಕೋಣೆಗೆ. ಕುಣಿತ, ಹಾಡು ಎಲ್ಲ ಹಳತಾಯಿತು, ಈ ಸಲ ಒಂದು ಸ್ತಬ್ಧಚಿತ್ರ ಮಾಡೋಣ ಎಂದವಳು ಕಲ್ಯಾಣಿ. ದಸರೆಯ ಮೆರವಣಿಗೆಯಲ್ಲಿ ನಾವು ಮಾಡುವುದಿಲ್ಲವೇ, ಹಾಗೇ ಈ ಚಿತ್ರವನ್ನು ನಿಜವಾದ ಮನುಷ್ಯರಿಂದ ಮಾಡಿಸಿದರೆ ಪೂರ್ವ ಪಶ್ಚಿಮ ಎರಡೂ ಆಯಿತು ಎಂದಿದ್ದಳು.

ಒಂದು ಮಧ್ಯಾಹ್ನ ಎಲ್ಲರನ್ನೂ ಗ್ಯಾಲರಿಗೆ ಕರೆದುಕೊಂಡು ಹೋಗಿ ಮೂಲಚಿತ್ರ ತೋರಿಸಿದ್ದಳು. ಬೀದಿಯ ಬಡ ಮಕ್ಕಳನ್ನು ಕರೆತಂದು ನಿಲ್ಲಿಸಿ ಬರೆಯುವುದು ಆ ಕಾಲಕ್ಕೆ ಹೊಸದಾಗಿತ್ತಂತೆ. ಮೆಟ್ಟಿಲ ಮೇಲಿನ ಹೆಂಗಸು ಕಲ್ಪನೆಯವಳಲ್ಲ, ಚಿತ್ರಕ್ಕೆ ದುಡ್ಡು ಕೊಟ್ಟವಳು. ಅನಾಥಾಲಯವೊಂದರ ಊಟದ ಮನೆಯಲ್ಲಿ ತೂಗುಹಾಕಲೆಂದೇ ಬರೆಸಿದ್ದಂತೆ. ಅಲ್ಲಿನ ಮಕ್ಕಳು ದಿನಾ ಎರಡು ಹೊತ್ತು ಅವಳ ಕೈ ನೋಡುತ್ತ ಊಟ ಮಾಡುತ್ತಿದ್ದರು. ಎಷ್ಟು ಚೆನ್ನಾಗಿದೆ ಅಲ್ವಾ, ಎಂದಳು ಕಲ್ಯಾಣಿ. ಹೆಂಗಸರೆಲ್ಲ ಚೆನ್ನಾಗಿದೆ ಎಂದರು.

ಸುಗಂಧಿ ಮಕ್ಕಳನ್ನು ನೋಡಿದಳು. ಹಸಿದವರ ಕೆನ್ನೆಗಳು ಬೆಣ್ಣೆ ಹಚ್ಚಿದ ಹಾಗಿದ್ದವು. ಬರಿಗಾಲಲ್ಲಿದ್ದರು, ಕಾಲಿಗೆ ಕೆಸರಿರಲಿಲ್ಲ. ಬಟ್ಟೆ ನಿಜವಾಗಿ ಹರಿಯುವುದು ಕಂಕುಳಲ್ಲಿ, ಕೂರುವ ಜಾಗದಲ್ಲಿ. ಇಲ್ಲಿ ಮಾತ್ರ ಎಲ್ಲರದೂ ಭುಜದಲ್ಲೇ ಹರಿದು, ಗುಂಡಗಿನ ಬಿಳಿಯ ಹೆಗಲುಗಳು ಹೊರಗೆ ಬಂದಿದ್ದವು. ಚಿತ್ರಕಾರನಿಗೆ ಮೈಬಣ್ಣ ಬರೆಯುವುದರಲ್ಲಿ ಕೈ ಪಳಗಿತ್ತೆಂದು ಕಾಣುತ್ತದೆ. ಮೂವರು ಮಕ್ಕಳು ರೊಟ್ಟಿಯನ್ನೋ ಹೆಂಗಸನ್ನೋ ನೋಡುತ್ತಿದ್ದರು. ಮುಂದೆ ನಿಂತು ಕೈಯೊಡ್ಡಿದ ಹುಡುಗಿ ಎರಡನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಚಿತ್ರದಿಂದ ಆಚೆ ಎಲ್ಲೋ ಇತ್ತು. ಅದು ಕೃತಜ್ಞತೆ, ಇಂಥ ದಾನಿಯನ್ನು ಕಳಿಸಿದ ದೇವರನ್ನು ನೆನೆಯುತ್ತಿದ್ದಾಳೆ ಎಂದು ಕಲ್ಯಾಣಿ ವಿವರಿಸಿದಳು.

ದಾನಿಯಾಗಿ ಕಲ್ಯಾಣಿಯೇ ನಿಲ್ಲುವುದೆಂದು ಆಗಲೇ ತೀರ್ಮಾನವಾಗಿತ್ತು. ಅದಕ್ಕೆ ಚರ್ಚೆಯೇ ಆಗಲಿಲ್ಲ. ಚರ್ಚೆಯಾದದ್ದು ಕೈಯ ವಿಷಯಕ್ಕೆ. ಚಿತ್ರದ ಹೆಂಗಸು ರೊಟ್ಟಿಯನ್ನು ಎಡಗೈಯಲ್ಲಿ ಕೊಡುತ್ತಿದ್ದಳು. ಮೂಲಕ್ಕೆ ನಿಷ್ಠರಾಗಿರಬೇಕು ಎಂದು ಕಲ್ಯಾಣಿ ಹಟ ಹಿಡಿದಳು. ದೀಪಾವಳಿಯ ದಿನ ವೇದಿಕೆಯ ಮೇಲೆ ಎಡಗೈಯಲ್ಲಿ ಅನ್ನ ಕೊಡುವುದನ್ನು ನಮ್ಮತ್ತೆ ನೋಡಿದರೆ ಮುಂದಿನ ವಿಮಾನಕ್ಕೆ ಹೊರಟುಹೋಗುತ್ತಾರೆ ಎಂದು ಇನ್ನೊಬ್ಬಳು. ಕೊನೆಗೆ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಹಾಕಿದರು. ಎಡವಿದ್ದದ್ದೆಲ್ಲ ಬಲವಾಯಿತು. ನಾನೂರು ವರ್ಷ ಹಳೆಯ ದಾನದ ಮೈಲಿಗೆ ಐದು ನಿಮಿಷದಲ್ಲಿ ಕಳೆಯಿತು.

ಮಕ್ಕಳನ್ನು ಹೊಂದಿಸುವುದು ಅಷ್ಟು ಸುಲಭವಾಗಲಿಲ್ಲ. ಎಲ್ಲ ತಾಯಂದಿರಿಗೂ ತಮ್ಮ ಮಗು ದೇವದೂತನೇ ಆಗಬೇಕಿತ್ತು. ಮೋಡದಲ್ಲಿ ಜಾಗವಿದ್ದದ್ದು ಒಬ್ಬರಿಗೆ. ಮಿಕ್ಕವರಲ್ಲಿ ಮೂವರು, ಬಟ್ಟೆ ತೀರಾ ಹರಿದಿರಬಾರದು ಎಂಬ ಷರತ್ತಿನ ಮೇಲೆ ಬಡವರಾಗಲು ಒಪ್ಪಿದರು. ಮುಂದೆ ನಿಂತು ಕೈಯೊಡ್ಡುವ ಹುಡುಗಿಗೆ ಯಾರೂ ಸಿಗಲಿಲ್ಲ. ಒಬ್ಬಳಿಗೆ ಪಿಯಾನೋ ಪರೀಕ್ಷೆ, ಇನ್ನೊಬ್ಬಳ ಅಜ್ಜಿ ಮೈಸೂರಿನಿಂದ ಫೋನಿನಲ್ಲೇ ತಡೆ ಹಾಕಿದ್ದಳು. ಸುಗಂಧಿಯ ಮಗಳು ನವ್ಯಾ ಮಾತ್ರ ತಾನಾಗಿಯೇ, "ಐ ಡೋಂಟ್ ಮೈಂಡ್, ಅಮ್ಮಾ. ಇಟ್ಸ್ ಜಸ್ಟ್ ಎ ಕಾಸ್ಟ್ಯೂಮ್," ಎಂದಳು. ಬೇಡ ಎಂದವಳು ಸುಗಂಧಿ. ಹಬ್ಬದ ದಿನ ಹರಕು ಬಟ್ಟೆ ಉಟ್ಟರೆ ದರಿದ್ರ ಹಿಡಿಯುತ್ತದೆ ಎಂದು, ತನಗೆ ನಂಬಿಕೆಯಿಲ್ಲದ ಒಂದು ಮಾತನ್ನು ಸಮಿತಿಯ ಎದುರು ಗಂಭೀರವಾಗಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಎಲ್ಲರೂ ಅದೇ ಮಾತಿಗೆ ಕಾದಿದ್ದರು.

ಆಗಲೇ ಕಲ್ಯಾಣಿಗೆ ಮಲ್ಲಪ್ಪನ ಮಗಳು ನೆನಪಾದದ್ದು. "ನಿಮ್ಮ ಕುಕ್‌ಗೆ ಒಬ್ಬಳು ಮಗಳಿದ್ದಾಳಲ್ಲ, ಸಣ್ಣಗೆ, ಕಪ್ಪಗೆ? ಅವಳಿಗೆ ಮೇಕಪ್ಪೂ ಬೇಕಾಗಲ್ಲ ನೋಡಿ."

ಮನೆಗೆ ಬಂದು ಗಣಪಯ್ಯನಿಗೆ ಹೇಳಿದರೆ ಅವನಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಮಲ್ಲಪ್ಪ ಎಂತ ಹೇಳ್ತ? ನಾ ಹೇಳ್ರೆ ಆಯ್ತಲ್ದಾ."

"ಅವ್ನ ಹೆಂಡ್ತಿ ಹತ್ರ ಒಂದ್ ಮಾತ್ ಕೇಣ್ಕಲ್ದಾ?"

"ಕೇಂಬುದೆಂತಕೆ? ಒಳ್ಳೆ ಕೆಲ್ಸಕ್ಕೆ ಯಾರಾರೂ ಬ್ಯಾಡ ಅಂತ್ರಾ?"

ಮಲ್ಲಪ್ಪ ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಅವನ ವರ್ಕ್ ಪರ್ಮಿಟ್ ಗಣಪಯ್ಯನ ರೆಸ್ಟೋರೆಂಟಿನ ಹೆಸರಿನಲ್ಲಿತ್ತು. ಅದನ್ನು ಮುಂದುವರಿಸಿ ಎಂದು ಕೇಳುವ ಸಮಯ ಹತ್ತಿರ ಬಂದಿತ್ತು. ಗಣಪಯ್ಯ ಅದನ್ನು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವನಲ್ಲ. ಹೇಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ದೋಸೆ ಹೊಯ್ಯುತ್ತಲೇ ಮಲ್ಲಪ್ಪ, ಆಗಲಿರೀ ಸಾಹುಕಾರ, ಅಂದನಂತೆ.

ಹುಡುಗಿಯ ಹೆಸರು ವಿಜಯಾ. ಹತ್ತಿರದ ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ, ಬಿಳಿಯ ಕಾಲುಚೀಲ, ಗೆರೆ ಮುರಿಯದ ಇಸ್ತ್ರಿಯ ಯೂನಿಫಾರ್ಮು. ಲಂಡನ್ನಿನಲ್ಲಿ ಸುಗಂಧಿಗೆ ಗೊತ್ತಿದ್ದ ಮಕ್ಕಳಲ್ಲೆಲ್ಲ ಅವಳಷ್ಟು ಅಚ್ಚುಕಟ್ಟಾದವಳು ಇನ್ನೊಬ್ಬಳಿರಲಿಲ್ಲ. ಬಡವಳ ಹಾಗೆ ಕಾಣಬೇಕಾದರೆ ಅವಳನ್ನು ಮೊದಲು ಕೆಡಿಸಬೇಕಿತ್ತು. ತಲೆಯ ಎಣ್ಣೆ ಹೋಗಬೇಕು, ಕೂದಲು ಕೆದರಬೇಕು ಎಂದು ಕಲ್ಯಾಣಿ ಹೇಳಿಕಳಿಸಿದಾಗ ಕೃಷ್ಣವೇಣಿ ಯಾಕೆ ಎನ್ನದೆ ಶಾಂಪೂ ಹಾಕಿ ತೊಳೆದಳು. ಆದರೆ ಕೆದರಲಿಲ್ಲ. ಒದ್ದೆ ಕೂದಲನ್ನು ಬಾಚಿ ಹೊಸ ರಿಬ್ಬನ್ ಕಟ್ಟಿ ಕಳಿಸಿದಳು.

ಮೊದಲನೆಯ ತಾಲೀಮು ರೆಸ್ಟೋರೆಂಟಿಗೆ ರಜೆಯಿದ್ದ ಸೋಮವಾರ ಸಂಜೆ, ಅಲ್ಲೇ. ಮೇಜುಗಳನ್ನು ಗೋಡೆಗೆ ಸರಿಸಿ, ಹಾಲಿನ ಕ್ರೇಟುಗಳನ್ನು ಬೋರಲು ಹಾಕಿ ಮೆಟ್ಟಿಲು ಮಾಡಿದ್ದರು. ಕಲ್ಯಾಣಿ ಬಾಡಿಗೆಗೆ ತಂದ ಮಖಮಲ್ಲಿನ ಗೌನು ಹಾಕಿಕೊಂಡು ಕ್ರೇಟು ಹತ್ತಿ ನಿಂತಳು. ಕೈಯಲ್ಲಿ ಬೇಕರಿಯಿಂದ ತಂದ ದುಂಡಗಿನ ಬ್ರೆಡ್ಡು. ಹಿಂದಿನ ಮೂರೂ ಮಕ್ಕಳು ಕೈ ಚಾಚಿದರು. ಅವರಿಗೆ ಬಲು ಖುಷಿ. ಒಬ್ಬನಂತೂ ನಾಲಗೆ ಹೊರಗೆ ಹಾಕಿ ಹಸಿದವನಂತೆ ನಟಿಸಿ ಭೇಷ್ ಅನ್ನಿಸಿಕೊಂಡ. ಹುಟ್ಟಿದಂದಿನಿಂದ ಕೇಳಿದ್ದೆಲ್ಲ ಸಿಕ್ಕ ಮಕ್ಕಳಿಗೆ ಕೈ ಚಾಚುವುದರಲ್ಲಿ ಏನು ನಾಚಿಕೆ?

ಕಲ್ಯಾಣಿ ಬ್ರೆಡ್ಡನ್ನು ವಿಜಯಾಳ ಮುಂದೆ ಹಿಡಿದಳು. ಹುಡುಗಿಯ ಎರಡೂ ಕೈ ಬೆನ್ನ ಹಿಂದೆ ಹೋದವು.

"ಬ್ಯಾಡ್ರಿ," ಎಂದಳು. "ಈಗಷ್ಟ ಉಂಡ ಬಂದೀನಿ."

ಇಡೀ ಕೋಣೆ ನಕ್ಕಿತು. ಕಲ್ಯಾಣಿಯೂ ನಕ್ಕಳು. ಇದು ಆಟ ಪುಟ್ಟ, ಕೈ ಚಾಚಬೇಕು ಎಂದು ಹೇಳಿಕೊಟ್ಟು ಮತ್ತೆ ಹಿಡಿದಳು. ಕೈಗಳು ಮತ್ತೆ ಬೆನ್ನ ಹಿಂದೆ ಹೋದವು. ಹುಡುಗಿ ಹಟ ಮಾಡುತ್ತಿರಲಿಲ್ಲ. ಕೈ ಚಾಚಬೇಕೆಂದು ಅವಳಿಗೆ ಅರ್ಥವಾಗಿತ್ತು. ಆದರೆ ಎದುರಿಗೆ ತಿನ್ನುವ ಪದಾರ್ಥ ಬಂದ ಕೂಡಲೇ ಕೈಗಳು ತಾವಾಗಿಯೇ ಹಿಂದಕ್ಕೆ ಹೋಗುತ್ತಿದ್ದವು, ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ಮುಚ್ಚುವ ಹಾಗೆ. ಮೂರು ನಾಲ್ಕು ಸಲ ಹಾಗೇ ಆಯಿತು. ಕಲ್ಯಾಣಿಯ ನಗು ಕಡಿಮೆಯಾಯಿತು. ಮುಂದಿನ ಸೋಮವಾರದೊಳಗೆ ಇವಳಿಗೆ ಸ್ವಲ್ಪ ಹೇಳಿಕೊಡಿ ಎಂದು ಸುಗಂಧಿಗೆ ಒಪ್ಪಿಸಿದಳು.

ಸುಗಂಧಿಗೆ ಆ ಕೈಗಳು ಗೊತ್ತಿದ್ದವು. ಕುಂದಾಪುರದಲ್ಲಿ ಅವಳ ತಾಯಿ ಗಂಡ ಹೋದ ಮೇಲೆ ಮನೆ ಮನೆಗೆ ಹಪ್ಪಳ ಮಾಡಿ ಕೊಡುತ್ತಿದ್ದಳು. ಮಕ್ಕಳು ಹಪ್ಪಳದ ಕಟ್ಟು ಹೊತ್ತು ಹೋಗುವ ಮೊದಲು ಪ್ರತಿ ಸಲವೂ ಅದೇ ಪಾಠ: ಯಾರು ಏನು ಕೊಟ್ಟರೂ ಬೇಡ ಅನ್ನಬೇಕು, ಊಟ ಆಯಿತು ಅನ್ನಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅನ್ನಬೇಕು. ಕೊಡುವ ಮನೆಯವರಿಗೂ ಅವರ ಪಾಠ ಗೊತ್ತಿರುತ್ತಿತ್ತು. ಬೇಡ ಅಂದ ಕೂಡಲೇ ಸುಮ್ಮನಾಗುವ ಮನೆ ಊರಲ್ಲಿ ಒಂದೋ ಎರಡೋ, ಅವರ ಹೆಸರು ಊರಿಗೇ ಗೊತ್ತು. ಉಳಿದವರು ಮತ್ತೆ ಕೇಳುತ್ತಿದ್ದರು, ಗದರುತ್ತಿದ್ದರು, ನಾ ಮಾಡಿದ್ದು ರುಚಿಯಿಲ್ಲ ಅಂತಲಾ ಎಂದು ಮುನಿಸು ತೋರಿಸುತ್ತಿದ್ದರು, ಕೊನೆಗೆ ಕೈಹಿಡಿದು ಕೂರಿಸುತ್ತಿದ್ದರು. ಮೂರನೆಯ ಸಲಕ್ಕೆ ಕೂತರೆ ಅದು ಬೇಡಿದ್ದಲ್ಲ, ಕೊಟ್ಟವರ ಮಾತಿಗೆ ಮಣಿದದ್ದು. ಹೊಟ್ಟೆಯೂ ತುಂಬುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅಷ್ಟು ಹೊತ್ತು ಬೇಡಿಕೊಂಡದ್ದು ಕೊಡುವವರು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಖಾಲಿ ರೆಸ್ಟೋರೆಂಟಿನ ಮೂಲೆಯ ಮೇಜಿನಲ್ಲಿ ಸುಗಂಧಿ ವಿಜಯಾಳನ್ನು ಕೂರಿಸಿಕೊಂಡು ಒಂದು ಬನ್ ಮುಂದಿಟ್ಟಳು. ತಗೊ, ಎಂದಳು. ಬ್ಯಾಡ್ರಿ, ಎಂದಳು ಹುಡುಗಿ.

"ಇದು ನಾಟಕ ಮಗು. ನಾಟಕದಲ್ಲಿ ತಗೊಂಡರೆ ಅಮ್ಮ ಬಯ್ಯೋದಿಲ್ಲ."

"ನಾಟಕ ನೋಡೋರಿಗೆ ನಾನು ಖರೇನ ತಗೊಂಡಂಗ ಕಾಣ್ತದಲ್ರಿ."

ಸುಗಂಧಿ ಬನ್ನನ್ನು ಇನ್ನಷ್ಟು ಹತ್ತಿರ ಸರಿಸಿದಳು. ನಾಟಕ ಬಿಟ್ಟುಬಿಟ್ಟು ಸುಮ್ಮನೆ, ಶಾಲೆಯಿಂದ ಬಂದಿದ್ದೀಯ, ತಿನ್ನು ಎಂದಳು. ಬೇಡವಂತೆ. ಅರ್ಧವಾದರೂ ತಿನ್ನು ಎಂದಳು. ನಾನೊಬ್ಬಳೇ ತಿನ್ನಲಾ ಹಾಗಾದರೆ, ಎಂದಳು. ಆಗ ಹುಡುಗಿ ಕೈ ಮುಂದೆ ತಂದು, ಬನ್ನನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಸುಗಂಧಿಯ ಕಡೆ ಸರಿಸಿ, ಸಣ್ಣದನ್ನು ತಾನು ತಿಂದಳು. ಹಸಿದಿದ್ದಳು. ಎರಡೇ ತುತ್ತಿಗೆ ಮುಗಿಯಿತು.

ಸಂಜೆ ಸುಗಂಧಿ ಕಲ್ಯಾಣಿಗೆ ಫೋನ್ ಮಾಡಿದಳು. ದಾನಿ ಎರಡು ಮೂರು ಸಲ ಒತ್ತಾಯ ಮಾಡುವ ಹಾಗೆ ಮಾಡಿದರೆ ಮಗು ತೆಗೆದುಕೊಳ್ಳುತ್ತದೆ, ನಮ್ಮ ಕಡೆಯ ಪದ್ಧತಿಯೂ ಆಯಿತು ಎಂದಳು.

"ಅಯ್ಯೋ ಸುಗಂಧಿ, ಇದೇನು ಮದುವೆ ಮನೆ ಪಂಕ್ತೀನಾ? ಸ್ತಬ್ಧಚಿತ್ರ ಕಣ್ರೀ. ಯಾರೂ ಮಾತಾಡೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ. ಒಬ್ಬರು ಕೊಡ್ತಾರೆ, ಒಬ್ಬರು ತಗೋತಾರೆ, ಅಷ್ಟೆ."

ಅಷ್ಟೇ ಆಗಿತ್ತು, ನಿಜ. ಫೋನಿಟ್ಟ ಮೇಲೆ ಸುಗಂಧಿ ಗೋಡೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಎಷ್ಟು ಅನುಕೂಲದ ಕಲೆ. ಬಣ್ಣದಲ್ಲಿ ಉಪಚಾರಕ್ಕೆ ಜಾಗವಿಲ್ಲ, ಕೊಡುವವಳು ಒಂದು ಸಲವೂ ಕೇಳಬೇಕಾಗಿಲ್ಲ. ಬಡವರ ಕೈ ಶತಮಾನಗಟ್ಟಲೆ ಚಾಚಿದಂತೆಯೇ ಇರುತ್ತದೆ, ಆಯಾಸವಾಯಿತು ಎನ್ನುವುದಿಲ್ಲ. ಈ ಹೆಂಗಸು ಸತ್ತು ಮಣ್ಣಾದರೂ ಇವಳ ಒಂದು ರೊಟ್ಟಿ ಇನ್ನೂ ಕೊಟ್ಟು ಮುಗಿದಿಲ್ಲ.

ಎರಡನೆಯ ಸೋಮವಾರ ಎಲ್ಲರೂ ವೇಷದಲ್ಲಿ ಬಂದರು. ಶನಿವಾರಕ್ಕೆ ಕಾರ್ಯಕ್ರಮ. ಸುಗಂಧಿ ತೂತುಗಳನ್ನು ವಾಪಸು ತಂದಿದ್ದ ಅಂಗಿಯನ್ನು ವಿಜಯಾಳಿಗೆ ಹಾಕಿದಳು. ಹುಡುಗಿ ಬಗ್ಗಿ ಭುಜದ ಹರುಕು ನೋಡಿಕೊಂಡಳು, ತನ್ನ ತಾಯಿ ಹೊಲಿದ ಜಾಗ. ಅಂಗೈಯಿಂದ ಅದನ್ನು ಮುಚ್ಚಿಕೊಂಡಳು, ಅಷ್ಟೆ. ಕಲ್ಯಾಣಿ ಬಂದು ಆ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟಳು. ರಿಬ್ಬನ್ ಬಿಚ್ಚಿ ಬೆರಳುಗಳಿಂದ ಕೂದಲನ್ನು ಕೆದರಿದಳು.

ದೀಪ ಹಾಕಿದರು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತರು. ಬ್ರೆಡ್ಡು ಮುಂದೆ ಬಂತು. ವಿಜಯಾಳ ಕೈಗಳು ಬೆನ್ನ ಹಿಂದೆ ಹೋದವು.

ಈ ಸಲ ಯಾರೂ ನಗಲಿಲ್ಲ. ದೇವದೂತನ ತಾಯಿ ಗಡಿಯಾರ ನೋಡಿದಳು. ಇನ್ನೊಬ್ಬಳು, ಬೇರೆ ಯಾರನ್ನಾದರೂ ನೋಡಬಹುದಿತ್ತು, ಇವರಿಗೆ ಸಹಾಯ ಮಾಡಲು ಹೋದರೂ ಕಷ್ಟ ಎಂದು ಪಕ್ಕದವಳ ಹತ್ತಿರ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಯಾವ ಸಹಾಯವೆಂದು ಸುಗಂಧಿ ಒಂದು ಕ್ಷಣ ಯೋಚಿಸಿದಳು. ಕೌಂಟರಿಗೆ ಒರಗಿ ನಿಂತಿದ್ದ ಗಣಪಯ್ಯನಿಗೆ ತನ್ನ ಹೋಟೆಲಿನ ಹುಡುಗಿಯಿಂದ ಸಮಿತಿಯ ಕೆಲಸ ನಿಂತದ್ದು ಮುಜುಗರವಾಯಿತು. ಅಡುಗೆಮನೆಯ ಕಡೆ ತಿರುಗಿ ನಗುತ್ತಲೇ ಕೂಗಿದ.

"ಮಲ್ಲಪ್ಪಾ, ನಿನ್ ಮಗಳ್ ಕಾಣ್ ಮಾರಾಯ. ಕೊಟ್ಟದ್ದನ್ನೇ ತಕಣ್ದಿದ್ರೆ ಲಂಡನ್ನಂಗೆ ಬದುಕುದ್ ಹ್ಯಾಂಗೆ?"

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಮಲ್ಲಪ್ಪ ಹೊರಗೆ ಬರಲಿಲ್ಲ. ತಟ್ಟೆಗಳನ್ನು ಹೊರಕ್ಕೆ ದಾಟಿಸುವ ಕಿಂಡಿಯಲ್ಲಿ ಕೃಷ್ಣವೇಣಿಯ ಮುಖ ಕಾಣಿಸಿಕೊಂಡಿತು. ಅವಳು ಮೊದಲು ಗಣಪಯ್ಯನನ್ನು ನೋಡಿದಳು, ಆಮೇಲೆ ಕ್ರೇಟಿನ ಮೇಲಿನ ಕಲ್ಯಾಣಿಯನ್ನು, ಕೊನೆಗೆ ಕೂದಲು ಕೆದರಿಸಿಕೊಂಡು ನಿಂತ ಮಗಳನ್ನು. ಹರಿದ ಭುಜದ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿತು. ಸುಗಂಧಿ ನೆಲ ನೋಡಿದಳು.

"ತಗೊಳವ್ವಾ," ಎಂದಳು ಕೃಷ್ಣವೇಣಿ. ದನಿ ಏರಿಸಲಿಲ್ಲ. "ಅವ್ರು ಕೊಡಾಕತ್ತಾರ. ಕೈ ಒಡ್ಡು."

ವಿಜಯಾ ತಾಯಿಯ ಕಡೆ ತಿರುಗಿದಳು. ತಾನು ಕೇಳಿದ್ದು ಸರಿಯೇ ಎನ್ನುವ ಹಾಗೆ. ಕೃಷ್ಣವೇಣಿ ತಲೆಯಾಡಿಸಿದಳು. ಹುಡುಗಿಯ ಕೈಗಳು ಬೆನ್ನ ಹಿಂದಿನಿಂದ ಬಂದವು, ಒಂದು ಮೊದಲು, ಇನ್ನೊಂದು ಆಮೇಲೆ. ಅಂಗೈಗಳು ಮೇಲಾದವು. ಮುಖ ಮಾತ್ರ ಕಿಂಡಿಯ ಕಡೆಯೇ ಉಳಿಯಿತು. ಆ ಮುಖದಲ್ಲಿದ್ದದ್ದು ಅಳುವಲ್ಲ, ಸಿಟ್ಟೂ ಅಲ್ಲ. ಇಷ್ಟು ದಿನ ಹೇಳಿಕೊಟ್ಟದ್ದು ಸುಳ್ಳೇ ಎಂದು ತಾಯಿಯನ್ನು ಕೇಳುತ್ತಿದ್ದ ಮುಖ ಅದು.

"ಹಾಗೇ ಇರು, ಹಾಗೇ ಇರು," ಎಂದಳು ಕಲ್ಯಾಣಿ. "ನೋಡಿ ಎಲ್ಲರೂ. ಥೇಟು ಅದೇ ಮುಖ. ಚಿತ್ರದಲ್ಲಿರೋದು ಇದೇ."

ಅದೇ ಆಗಿತ್ತು. ಸುಗಂಧಿಗೆ ಅದನ್ನು ನೋಡಲು ಜೆರಾಕ್ಸ್ ಬೇಕಾಗಲಿಲ್ಲ. ಹಾಗಾದರೆ ಚಿತ್ರದ ಆ ಹುಡುಗಿ ದೇವರನ್ನು ನೋಡುತ್ತಿರಲಿಲ್ಲ. ಬೀದಿಯಿಂದ ಕರೆತಂದು ನಿಲ್ಲಿಸಿದ ದಿನ ಅವಳ ತಾಯಿಯೂ ಜೊತೆಗೆ ಬಂದಿರಬೇಕು. ಚಿತ್ರಕಾರನ ಬೆನ್ನ ಹಿಂದೆ ಎಲ್ಲೋ ಬಾಗಿಲ ಸಂದಿಯಲ್ಲಿ ನಿಂತು, ಒಡ್ಡು, ಅವರು ಕೊಡುತ್ತಿದ್ದಾರೆ ಎಂದಿರಬೇಕು. ಅವನು ಆ ಮುಖವನ್ನು ಬಿಡದೆ ಬರೆದುಕೊಂಡ. ನೋಡಿದವರು ಕೃತಜ್ಞತೆ ಎಂದರು.

ಕಲ್ಯಾಣಿ ಕ್ರೇಟಿನಿಂದಿಳಿದು ನೇರ ಕಿಂಡಿಯ ಹತ್ತಿರ ಹೋದಳು. ತುಂಬಾ ಥ್ಯಾಂಕ್ಸ್, ನೀವಿಲ್ಲದೆ ಆಗುತ್ತಿರಲಿಲ್ಲ ಎಂದಳು. ಶನಿವಾರ ನೀವೂ ಬರಬೇಕು, ವೇದಿಕೆಯ ಕೆಳಗೆ ಮೊದಲ ಸಾಲಿನ ಮುಂದೆ ನಿಮಗೊಂದು ಜಾಗ ಇಡಿಸುತ್ತೇನೆ, ಪರದೆ ಏಳುವಾಗ ಮಗುವಿಗೆ ಕೇಳಿಸುವ ಹಾಗೆ ಇದೇ ಮಾತನ್ನು ಹೇಳಿದರೆ ಸಾಕು ಎಂದಳು. "ಬೇಕಾದರೆ ಎರಡು ಸಲ ಹೇಳಿ. ಫೋಟೋದವನಿಗೆ ಆ ಎಕ್ಸ್‌ಪ್ರೆಷನ್ನೇ ಸಿಗಬೇಕು. ಬ್ರೋಷರಿನ ಮುಖಪುಟಕ್ಕೆ."

ಕೃಷ್ಣವೇಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಆಗಲಿರಿ," ಎಂದಳು.

ವಿಜಯಾಳ ಕೈಯಲ್ಲಿ ಬ್ರೆಡ್ಡು ಹಾಗೇ ಇತ್ತು. ಯಾರೂ ತಿರುಗಿ ಇಸಿದುಕೊಂಡಿರಲಿಲ್ಲ, ಅವಳೂ ತಿಂದಿರಲಿಲ್ಲ. ಅದನ್ನು ಹತ್ತಿರದ ಮೇಜಿನ ಮೇಲಿಟ್ಟು, ಅಂಗಿ ಬಿಚ್ಚಲು ಹಿಂದಿನ ಕೋಣೆಗೆ ಹೋದಳು.

ಮೇಜುಗಳನ್ನು ಮತ್ತೆ ಸರಿಸಿದರು. ಕಾಫಿ ಬಂತು. ಶನಿವಾರದ ಏರ್ಪಾಟಿನ ಮಾತು ನಡೆಯಿತು. ಗಣಪಯ್ಯ ಮಲ್ಲಪ್ಪನೊಂದಿಗೆ ಊಟದ ಪಾತ್ರೆಗಳನ್ನು ವ್ಯಾನಿನಲ್ಲಿ ತೆಗೆದುಕೊಂಡು ಮಧ್ಯಾಹ್ನವೇ ಅಕ್ಸ್‌ಬ್ರಿಡ್ಜಿಗೆ ಹೋಗುವುದು, ನವ್ಯಾ ಉಳಿದ ಮಕ್ಕಳ ಜೊತೆ ಬರುವುದು, ತಾಯಿ ಮಗಳನ್ನು ಸುಗಂಧಿ ತನ್ನ ಕಾರಿನಲ್ಲಿ ಕರೆದುಕೊಂಡು ಬರುವುದು. ಸುಗಂಧಿ ಎಲ್ಲದಕ್ಕೂ ಹೂಂಗುಟ್ಟಿದಳು. ಅವಳ ಮನಸ್ಸು ಬೇರೆ ಕಡೆ ಕೆಲಸ ಮಾಡುತ್ತಿತ್ತು, ಮನೆಗೆ ಬಂದ ನೆಂಟರ ಎದುರು ನಗುತ್ತಲೇ ಒಳಗೆ ಅಕ್ಕಿ ಸಾಕಾಗುತ್ತದೋ ಎಂದು ಯೋಚಿಸುವ ಹಾಗೆ.

ಈ ಸ್ತಬ್ಧಚಿತ್ರ ಬೇಡ ಎಂದು ಎದ್ದು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಚರ್ಚೆಯಾಗುತ್ತದೆ, ಬಡತನದ ಬಗ್ಗೆ ಎಲ್ಲರೂ ಒಂದೊಂದು ಒಳ್ಳೆಯ ಮಾತು ಆಡುತ್ತಾರೆ, ಕೊನೆಗೆ ಕೃಷ್ಣವೇಣಿಯನ್ನೇ ಕರೆದು ಕೇಳುತ್ತಾರೆ. ಅವಳು ಆಗಲಿರಿ ಅನ್ನುತ್ತಾಳೆ. ಮಗುವಿಗೆ ಜ್ವರ ಬಂದಿದೆ ಎನ್ನಬಹುದಿತ್ತು. ಗಣಪಯ್ಯ ಮಲ್ಲಪ್ಪನನ್ನು ವಿಚಾರಿಸುತ್ತಾನೆ, ಮಲ್ಲಪ್ಪ ಸುಳ್ಳು ಹೇಳಲಾರ. ಆಮೇಲೆ ಪರ್ಮಿಟ್ಟಿನ ಮಾತು ಬಂದಾಗ ಗಣಪಯ್ಯನಿಗೆ ಇದು ನೆನಪಾಗದೆ ಇರದು. ಅವನು ಮರೆಯುವ ಪೈಕಿ ಅಲ್ಲ. ಕೃಷ್ಣವೇಣಿಗೆ ಗುಟ್ಟಾಗಿ ಹೇಳಿ ಬಿಡಿಸಬಹುದಿತ್ತು. ಆದರೆ ಹೇಳಿದ ಮೇಲೆ ಅದು ಅವಳದೂ ತಪ್ಪಾಗುತ್ತದೆ, ಅವಳು ಇನ್ನೊಂದು ಸಲ ಸಾಹುಕಾರರ ಮುಖ ನೋಡಿ ಹೆದರಬೇಕಾಗುತ್ತದೆ.

ಉಳಿದದ್ದು ಕಾರು. ಸ್ಟಿಯರಿಂಗ್ ಅವಳ ಕೈಯಲ್ಲಿರುತ್ತದೆ. ದಕ್ಷಿಣ ಲಂಡನ್ನಿನಿಂದ ಅಕ್ಸ್‌ಬ್ರಿಡ್ಜಿಗೆ ಹೋಗುವ ದಾರಿಯಲ್ಲಿ ಹೆಂಗಸೊಬ್ಬಳು ದಾರಿ ತಪ್ಪಲು ಬೇಕಾದಷ್ಟು ರೌಂಡಬೌಟುಗಳಿವೆ. ಒಂದು ಕಡೆ ತಪ್ಪಾಗಿ ತಿರುಗಿದರೆ ಮೋಟರ್‌ವೇ, ಮೋಟರ್‌ವೇಗೆ ಹತ್ತಿದರೆ ಮೈಲಿಗಟ್ಟಲೆ ಇಳಿಯಲಾಗದು. ಮೊಬೈಲು ಚಾರ್ಜ್ ಇಲ್ಲದೆ ಸತ್ತಿರುತ್ತದೆ. ಕೃಷ್ಣವೇಣಿಗೆ ದಾರಿ ಗೊತ್ತಿಲ್ಲ, ಅವಳನ್ನು ಯಾರೂ ದೂರುವ ಹಾಗಿಲ್ಲ. ಹಾಲ್ ಮುಟ್ಟುವಾಗ ಪರದೆ ಬಿದ್ದು ಜನ ಕೈ ತೊಳೆಯುತ್ತಿರುತ್ತಾರೆ. ದಾನಿ ಮೆಟ್ಟಿಲ ಮೇಲೆ ಒಬ್ಬಳೇ ಬ್ರೆಡ್ಡು ಹಿಡಿದು ನಿಂತಿರಲಿ, ಅಥವಾ ಹಸಿದವನ ಹಾಗೆ ನಾಲಗೆ ಚಾಚಿದ ಹುಡುಗನನ್ನು ಮುಂದಕ್ಕೆ ಕರೆದುಕೊಳ್ಳಲಿ, ಅವನಿಗೆ ಇಷ್ಟವೂ ಇದೆ. ಸುಗಂಧಿಯನ್ನು ಬಾಯಿಗೆ ಬಂದಂತೆ ಅನ್ನುತ್ತಾರೆ. ಹೋಟೆಲಿನವಳಿಗೆ ಜವಾಬ್ದಾರಿ ಎಲ್ಲಿಂದ ಬರಬೇಕು ಅನ್ನುತ್ತಾರೆ. ಗಣಪಯ್ಯ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಾನೆ. ಅಂದುಕೊಳ್ಳಲಿ, ಊದಿಸಿಕೊಳ್ಳಲಿ.

ದಾರಿ ತಪ್ಪಿಸಿ ಅವರನ್ನು ಯಾವುದಾದರೂ ಒಳ್ಳೆಯ ಜಾಗಕ್ಕೆ ಕರೆದೊಯ್ಯಬೇಕು, ಮಗುವಿಗೆ ಏನಾದರೂ ಕೊಡಿಸಬೇಕು ಎಂಬ ಆಸೆ ಒಂದು ಕ್ಷಣ ತಲೆಯೆತ್ತಿತು. ಅದನ್ನು ಅಲ್ಲೇ ಚಿವುಟಿದಳು. ತನಗೂ ಒಂದು ಮೆಟ್ಟಿಲು ಬೇಡ. ಏನನ್ನೂ ತೋರಿಸಲಿಕ್ಕಿಲ್ಲ, ತಿನ್ನಿಸಲಿಕ್ಕಿಲ್ಲ. ಬರೀ ದಾರಿ ತಪ್ಪುವುದು.

ಎಲ್ಲರೂ ಹೊರಟ ಮೇಲೆ ಕೃಷ್ಣವೇಣಿ ಕಪ್ಪುಗಳನ್ನು ಎತ್ತಲು ಬಂದಳು. ವಿಜಯಾ ಹಿಂದೆಯೇ ಬಂದಳು, ಮತ್ತೆ ಎರಡು ಜಡೆ ಹಾಕಿಸಿಕೊಂಡು. ತಾಯಿಯ ಸೆರಗು ಹಿಡಿಯಲಿಲ್ಲ, ಸ್ವಲ್ಪ ದೂರದಲ್ಲೇ ನಿಂತಳು. ಶನಿವಾರ ಎಷ್ಟು ಹೊತ್ತಿಗೆ ತಯಾರಿರಬೇಕೆಂದು ಕೃಷ್ಣವೇಣಿ ಕೇಳಿದಳು. ನಾಲ್ಕಕ್ಕೆ ಬರುತ್ತೇನೆ ಎಂದಳು ಸುಗಂಧಿ.

"ಅಂಗಿ ನಾ ತರಬೇಕೇನ್ರಿ ಅಕ್ಕಾರ?"

"ಬೇಡ, ಅದು ನನ್ನ ಹತ್ತಿರವೇ ಇರಲಿ. ನೀವಿಬ್ಬರೂ ಹೊಟ್ಟೆ ತುಂಬ ಉಂಡು ಬನ್ನಿ. ಮಗುವಿಗೆ ಸ್ವೆಟರ್ ಹಾಕು, ದೂರ ಹೋಗಬೇಕು."